ನೀವು ಯಾವ ದೃಶ್ಯಕ್ಕೆ ಧಾರಾವಾಹಿ ನೋಡುವುದನ್ನು ಬಿಟ್ಟಿರಿ?

ಗಂಗಾವತಿ_ಟೈಲರಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಲೇಡೀಸ್ ಟೈಲರ್. ಅಂಗಡಿಯ ಗೋಡೆ ಮೇಲೆ ಒಂದು ಟಿವಿ ಇದೆ. ಸಂಜೆ ಆರಕ್ಕೆ ಹಚ್ಚಿದರೆ ಶಟರ್ ಎಳೆಯುವವರೆಗೂ ನಡೆಯುತ್ತಲೇ ಇರುತ್ತದೆ. ನನ್ನ ಕಣ್ಣು ಸೂಜಿ ಮೇಲೆ ಇರಬೇಕಲ್ಲ, ಹಾಗಾಗಿ ನಾನು ಧಾರಾವಾಹಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಈಗ ಟಿವಿಗೆ ಬೆನ್ನು ಹಾಕಿ ಕೂತರೂ ಪರದೆಯಲ್ಲಿ ಏನು ನಡೆದಿದೆ ಎಂದು ಹೇಳುತ್ತೇನೆ. ಕೊಳಲು ಬಂದರೆ ಹುಡುಗಿ ಕಾಲು ಜಾರಿದಳು, ಹುಡುಗ ಹಿಡಿದುಕೊಂಡ. ಮೂರು ಸಲ ಢಣ್ ಢಣ್ ಢಣ್ ಅಂದರೆ ಬಾಗಿಲ ಹಿಂದೆ ಯಾರೋ ಗುಟ್ಟು ಕೇಳಿಸಿಕೊಂಡರು. ಮಾತೇ ಇಲ್ಲದೆ ಬರೀ ಬಾಜಾ ಇದ್ದರೆ ಮನೆಯವರ ಮುಖಗಳನ್ನು ಒಂದೊಂದಾಗಿ ತೋರಿಸುತ್ತಿದ್ದಾರೆ ಎಂದರ್ಥ. ಅಷ್ಟರಲ್ಲಿ ನಾನು ಒಂದು ತೋಳು ಜೋಡಿಸಿ ಮುಗಿಸಿರುತ್ತೇನೆ.

ವಿಷಯ ಏನೆಂದರೆ, ಅಂಗಡಿಗೆ ಬರುವ ಹೆಣ್ಣುಮಕ್ಕಳು ಬದಲಾಗಿದ್ದಾರೆ. ಮೊದಲೆಲ್ಲ ಸೊಸೆ ಅತ್ತರೆ ಇವರೂ ಸೆರಗು ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಈಗ ಟಿವಿ ಜೊತೆ ಜಗಳಕ್ಕೆ ನಿಲ್ಲುತ್ತಾರೆ. "ಅಲ್ಲ ಯಕ್ಕಾ, ನಿನ್ನೆ ಆಕಿ ಕಣ್ಣಾರೆ ಕಂಡಾಳ, ಇವತ್ತು ಮತ್ತ ಅವನ್ನೇ ನಂಬ್ತಾಳಲ್ಲ, ಆಕಿ ತಲ್ಯಾಗ ಏನೈತಿ?" ಇದು ನನ್ನ ಒಬ್ಬ ಗಿರಾಕಿ ಹೇಳಿದ ಮಾತು. ಭತ್ತದ ಗದ್ದೆಗೆ ನಾಟಿ ಹಚ್ಚಲು ಹೋಗುವ ಹೆಂಗಸು. ನನಗೂ ಇದೇ ಸಿಟ್ಟು.

‘ಲಕ್ಷ್ಮೀ ನಿವಾಸ’ 2024ರ ಜನವರಿಯಲ್ಲಿ ಶುರುವಾದಾಗ ನಮ್ಮ ಅಂಗಡಿಯಲ್ಲಿ ಒಳ್ಳೆ ಮಾತುಕತೆ ನಡೆಯುತ್ತಿತ್ತು. ದಿನಕ್ಕೆ ಒಂದು ಗಂಟೆ. ವಯಸ್ಸಾದ ಗಂಡ ಹೆಂಡತಿಗೆ ಒಂದು ಸ್ವಂತ ಮನೆ ಕಟ್ಟುವ ಆಸೆ, ಅಷ್ಟೇ ಕಥೆ. ಸಿಮೆಂಟಿನ ರೇಟು, ಮರಳಿನ ರೇಟು, ಜುಲೈ ನಗರದ ಕಡೆ ಸೈಟಿನ ರೇಟು, ಎಲ್ಲಾ ಅಂಗಡಿಯಲ್ಲೇ ಚರ್ಚೆ. ಮಗಳ ಮದುವೆಗೆ ಎಂದು ಮನೆ ಕೆಲಸ ಅರ್ಧಕ್ಕೆ ನಿಲ್ಲಿಸಿದವರು ಇಲ್ಲಿ ಎಷ್ಟು ಜನ ಇದ್ದಾರೆ! ಅವರಿಗೆ ಅದು ಟಿವಿ ಕಥೆ ಅನಿಸಲೇ ಇಲ್ಲ. ಆಮೇಲೆ ಜಯಂತ್ ಬಂದ. ಅನುಮಾನದ ಗಂಡ. ಅವನ ಹೆಂಡತಿ, ಆ ಮನೆಯ ಮಗಳು ಜಾಹ್ನವಿ ಹಡಗಿನಿಂದ ಸಮುದ್ರಕ್ಕೆ ಹಾರಿದಳು. ಆ ಪಾತ್ರಗಳನ್ನು ಮಾಡಿದವರು ಚೆನ್ನಾಗಿಯೇ ಮಾಡಿದರು, ಇಲ್ಲ ಅನ್ನುವುದಿಲ್ಲ. ನಮ್ಮ ಗಿರಾಕಿಗಳಿಗೆ ಇದ್ದದ್ದು ಬೇರೆ ಪ್ರಶ್ನೆ. ಮನೆ ಏನಾಯಿತು?

2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಅಂಗಡಿಯಲ್ಲಿ ಬರೀ ನ್ಯೂಸು. ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಧಾರಾವಾಹಿ ಯಾರಿಗೂ ನೆನಪಾಗಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಕೂರಿಸಿದರು. ಅದಾದ ಮೇಲೆ ಮತ್ತೆ ಧಾರಾವಾಹಿ ಹಚ್ಚಿದೆವು. ಯಾವುದು ಎಂದು ಹೇಳುವುದಿಲ್ಲ. ನಾವು ಬಿಟ್ಟಾಗ ಮದುವೆ ಮಂಟಪದಲ್ಲಿ ಕೈಗೆ ಬಂದಿದ್ದ ತಾಳಿ ಇನ್ನೂ ಕೈಯಲ್ಲೇ ಇತ್ತು.

ಹಾಗಂತ ಎಲ್ಲಾ ಕೆಟ್ಟದು ಅಂತಲ್ಲ. ‘ಭಾಗ್ಯಲಕ್ಷ್ಮಿ’ಯಲ್ಲಿ ಭಾಗ್ಯ ಮಗಳ ಜೊತೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಕಟ್ಟಿದ ದಿನಗಳಲ್ಲಿ ನಮ್ಮಲ್ಲಿ ಒಬ್ಬರು, ಮೊಮ್ಮಗಳ ಲಂಗಕ್ಕೆ ಅಳತೆ ಕೊಡಲು ಬಂದವರು, ಮೆಲ್ಲಗೆ ನನ್ನ ಪಕ್ಕ ಬಂದು "ನಾನೂ ಕಟ್ಟಬಹುದೇನು ಬೇ?" ಎಂದು ಕೇಳಿದ್ದರು. ಅತ್ತೆ ಕುಸುಮಾ ಸೊಸೆಯ ಬೆನ್ನಿಗೆ ನಿಂತದ್ದಂತೂ ಎಲ್ಲರಿಗೂ ಹಿಡಿಸಿತು. ಅಂಥದ್ದು ಕೊಟ್ಟವರೇ ಆಮೇಲೆ ತಿಂಗಳುಗಟ್ಟಲೆ ಅದೇ ಗಂಡ, ಅದೇ ಇನ್ನೊಬ್ಬಳು ಎಂದು ಸುತ್ತಾಡಿಸಿದರು.

ನನಗೆ ಅನಿಸುವುದು ಇಷ್ಟು. ದೊಡ್ಡ ಬಂಗಲೆ ಬೇಡ, ಕಾರು ಬೇಡ, ಮಲಗುವಾಗಲೂ ಹಾಕಿಕೊಂಡಿರುವ ಆ ಆರಿ ವರ್ಕ್ ಬ್ಲೌಸು ಬೇಡ. (ಬ್ಲೌಸು ಬೇಕು, ಅದರಿಂದ ನನಗೆ ಕೆಲಸ ಸಿಗುತ್ತದೆ. ದಿನಾ ಯಾರಾದರೂ ಮೊಬೈಲ್‌ನಲ್ಲಿ ಫೋಟೊ ಹಿಡಿದುಕೊಂಡು ಬರುತ್ತಾರೆ.) ಪಾತ್ರಕ್ಕೆ ನಿನ್ನೆ ಗೊತ್ತಾದದ್ದು ಇವತ್ತೂ ಗೊತ್ತಿರಬೇಕು. ಸೋಮವಾರ ಜಾಣೆ, ಮಂಗಳವಾರ ದಡ್ಡಿ ಆಗಬಾರದು. ಇದು ತುಂಬಾ ದೊಡ್ಡ ಬೇಡಿಕೆಯೇ?

ನಿಮ್ಮನ್ನು ಕೇಳುವುದು: ಇಷ್ಟಪಟ್ಟು ನೋಡುತ್ತಿದ್ದ ಧಾರಾವಾಹಿಯನ್ನು ಯಾವ ದೃಶ್ಯ ಬಂದಾಗ ಬಿಟ್ಟಿರಿ? "ಎಲ್ಲಾ ಧಾರಾವಾಹಿ ಕಸ" ಅನ್ನುವವರು ದಯವಿಟ್ಟು ಬರೆಯಬೇಡಿ. ನೋಡಿ ಬಿಟ್ಟವರು ಮಾತ್ರ ಹೇಳಿ.

ಕೌಲ್_ಬಜಾರ್:

ಅಕ್ಕಾ, ಬಳ್ಳಾರಿಯಿಂದ ನಮಸ್ಕಾರ. ನಾನೂ ಹೊಲಿಗೆ ಕಸುಬಿನವನೇ. ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್.

ನಾನು ಬಿಟ್ಟದ್ದು ಹೇಳುತ್ತೇನೆ. ‘ಪುಟ್ಟಗೌರಿ ಮದುವೆ’. ಬಾಲ್ಯವಿವಾಹದ ಕಥೆ ಎಂದು ಶುರುವಾಯಿತು, 2012ರಲ್ಲಿ. ನಮ್ಮ ಕಡೆ ಇನ್ನೂ ನಡೆಯುವ ವಿಷಯ, ಹಾಗಾಗಿ ಮನೆಮಂದಿ ಎಲ್ಲಾ ಕೂತು ನೋಡುತ್ತಿದ್ದೆವು. 2018ಕ್ಕೆ ಬರುವಷ್ಟರಲ್ಲಿ ಗೌರಿ ಬೆಟ್ಟದಿಂದ ಬಿದ್ದಳು, ಬದುಕಿದಳು, ಕಾಡಿನಲ್ಲಿ ಹುಲಿ ಬಂತು, ಹಾವು ಬಂತು. ರಾಜ್ಯವೇ ಟ್ರೋಲ್ ಮಾಡಿತು. ನಗೋಣ ಅಂತ ನಾನೂ ಸ್ವಲ್ಪ ದಿನ ನೋಡಿದೆ. ಆಮೇಲೆ ನಗುವೂ ಬರಲಿಲ್ಲ. ಆ ಹುಲಿಯ ಜೊತೆಗೇ ನಾನು ಕಾಡಿನಿಂದ ಹೊರಗೆ ಬಂದೆ.

ಬಳ್ಳಾರಿಯವರದು ಇನ್ನೊಂದು ಕಷ್ಟ ಇದೆ. ನಮ್ಮ ಮನೆಯಲ್ಲಿ ಅಮ್ಮ ತೆಲುಗು ಚಾನೆಲ್, ಹೆಂಡತಿ ಕನ್ನಡ ಚಾನೆಲ್. ಅಮ್ಮ ‘ಕಾರ್ತಿಕ ದೀಪಂ’ ನೋಡುವಾಗ ನನ್ನ ಹೆಂಡತಿ ‘ಮುದ್ದುಲಕ್ಷ್ಮಿ’ ನೋಡುತ್ತಿದ್ದಳು. ಎರಡೂ ಒಂದೇ ಮಲಯಾಳಂ ಕಥೆಯಿಂದ ಬಂದವು. ಒಂದೇ ಮನೆಯಲ್ಲಿ ಒಂದೇ ಹೆಂಗಸು ಎರಡು ಭಾಷೆಯಲ್ಲಿ ಅಳುತ್ತಿದ್ದಳು. ಅತ್ತೆ ಸೊಸೆಗೆ ಮುಂದಿನ ಕಥೆ ಮೊದಲೇ ಹೇಳಿಬಿಡುತ್ತಿದ್ದರು. ಅದಕ್ಕೇ ಮನೆಯಲ್ಲಿ ನಿಜವಾದ ಜಗಳ ಆಗುತ್ತಿತ್ತು.

ಹಾಗಾಗಿ ಜನರ ನಿರೀಕ್ಷೆ ಯಾಕೆ ಜಾಸ್ತಿಯಾಯಿತು ಅಂದರೆ, ಜನರಿಗೆ ಈಗ ಮೂಲ ಗೊತ್ತು. ‘ಅಮೃತಧಾರೆ’ ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’ ಎಂದು ನಮ್ಮ ಯೂನಿಟ್‌ನ ಗುಂಡಿ ಹಚ್ಚುವ ಹುಡುಗಿಯೂ ಹೇಳುತ್ತಾಳೆ. ಗೊತ್ತಿದ್ದೂ ನೋಡುತ್ತಾಳೆ. ಯಾಕೆಂದರೆ ರಾಜೇಶ್ ನಟರಂಗ, ಛಾಯಾ ಸಿಂಗ್ ಇಬ್ಬರೂ ವಯಸ್ಸಿಗೆ ತಕ್ಕ ಹಾಗೆ ಮಾತಾಡುತ್ತಾರೆ. ತಡವಾಗಿ ಮದುವೆಯಾದವರ ನಾಚಿಕೆ ಹೇಗಿರುತ್ತದೆ ಎಂದು ತೋರಿಸಿದರು. ಕಥೆ ಎಲ್ಲಿಂದ ತಂದರೂ ಚಿಂತೆ ಇಲ್ಲ ಅಕ್ಕಾ, ಇಲ್ಲಿಯ ಮಣ್ಣಿಗೆ ನಾಟಬೇಕು.

ರಾಯಚೂರು_ನೈಟ್‌ಡ್ಯೂಟಿ:

ನಾನು ರಾಯಚೂರಿನಲ್ಲಿ ಸ್ಟಾಫ್ ನರ್ಸ್. ಆಸ್ಪತ್ರೆ ದೃಶ್ಯ ಬಂದರೆ ಸಾಕು, ನನ್ನ ಬಿಪಿ ಏರುತ್ತದೆ.

ತಲೆಗೆ ಪೆಟ್ಟು ಬಿದ್ದವರಿಗೆ ಹಣೆಯ ಮೇಲೆ ಒಂದು ಬ್ಯಾಂಡೇಜ್, ಅದರ ಮೇಲೆ ದುಂಡಗೆ ಕೆಂಪು ಬಣ್ಣ. ಐಸಿಯುನಲ್ಲಿ ಹದಿನೈದು ಜನ ಸಂಬಂಧಿಕರು, ಚಪ್ಪಲಿ ಸಮೇತ. ಪೇಷೆಂಟ್‌ಗೆ ಲಿಪ್‌ಸ್ಟಿಕ್. "ವೆಂಟಿಲೇಟರ್ ಮೇಲೆ ಇದ್ದಾರೆ" ಅನ್ನುತ್ತಾರೆ, ಮುಖಕ್ಕೆ ಇರುವುದು ಸಾದಾ ಆಕ್ಸಿಜನ್ ಮಾಸ್ಕ್. ವೆಂಟಿಲೇಟರ್ ಅಂದರೆ ಸಾಮಾನ್ಯವಾಗಿ ಬಾಯೊಳಗೆ ಟ್ಯೂಬ್ ಹಾಕಿರುತ್ತಾರೆ, ಪೇಷೆಂಟ್ ಮಾತಾಡಲು ಆಗುವುದಿಲ್ಲ. ಧಾರಾವಾಹಿಯಲ್ಲಿ ಮಾಸ್ಕ್ ಸರಿಸಿ ಆಸ್ತಿ ವಿಷಯ ಹೇಳುತ್ತಾರೆ. ಕೊರೊನಾ ಆದ ಮೇಲೆ ಹಳ್ಳಿಯ ಅಜ್ಜಿಗೂ ಆಕ್ಸಿಜನ್, ಸ್ಯಾಚುರೇಷನ್ ಗೊತ್ತಾಗಿದೆ. ಧಾರಾವಾಹಿಯವರಿಗೆ ಮಾತ್ರ ಗೊತ್ತಾಗಿಲ್ಲ.

ಡೈವೋರ್ಸ್ ಕೂಡ ಹಾಗೇ. ಒಂದು ಕಾಗದಕ್ಕೆ ಸಹಿ ಹಾಕಿದರೆ ಮದುವೆ ಮುಗಿಯಿತು! ನಮ್ಮ ಅಕ್ಕನ ಕೇಸಿಗೆ ನಾನೇ ಕೋರ್ಟಿಗೆ ಜೊತೆ ಹೋಗಿದ್ದೇನೆ. ಇಬ್ಬರೂ ಒಪ್ಪಿದ್ದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದು ವರ್ಷ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಆ ಆರು ತಿಂಗಳು ಮನೆಯಲ್ಲಿ ಏನೆಲ್ಲ ನಡೆಯುತ್ತದೆ ಗೊತ್ತಾ ಅಕ್ಕಾ? ಅದನ್ನೇ ಬರೆದರೆ ವಿಲನ್ ಬೇಕಾಗುವುದಿಲ್ಲ.

ನಾನು ಬಿಟ್ಟ ದೃಶ್ಯ: ‘ಸೀತಾ ರಾಮ’ದಲ್ಲಿ ಸಿಹಿ ಎಂಬ ಮಗುವನ್ನು ಸಾಯಿಸಿ ಆತ್ಮ ಮಾಡಿದ್ದು. ಆ ಮಗುವಿನ ಮಾತಿಗಾಗಿಯೇ ನೋಡುತ್ತಿದ್ದೆ. ವಾರ್ಡಿನಲ್ಲಿ ಮಕ್ಕಳು ಹೋಗುವುದನ್ನು ನೋಡುವವಳು ನಾನು. ಮನೆಗೆ ಬಂದು ಅದನ್ನೇ ಆಟದ ಹಾಗೆ ನೋಡಲು ಆಗಲಿಲ್ಲ.

ಈಗ ಟಿವಿ ಮುಂದೆ ಕೂರುವುದೇ ಇಲ್ಲ. ಮೊಬೈಲ್‌ನಲ್ಲಿ, ಒಂದೂವರೆ ಪಟ್ಟು ಸ್ಪೀಡ್‌ನಲ್ಲಿ. ಅಳುವ ಜಾಗ ದಾಟಿಸುತ್ತೇನೆ. ಕೆಲವೇ ಕಂತಿನ ಕಥೆಗಳು ಸಿಕ್ಕರೆ ಅವನ್ನು ಸರಿಯಾದ ಸ್ಪೀಡ್‌ನಲ್ಲೇ ನೋಡುತ್ತೇನೆ. 2025ರಲ್ಲಿ ಬಂದ ‘ಅಯ್ಯನ ಮನೆ’ ಹಾಗೆ ನೋಡಿದ್ದು. ಮುಗಿಯುತ್ತದೆ ಅನ್ನುವ ಧೈರ್ಯ ಇದ್ದರೆ ನೋಡಲು ಮನಸ್ಸು ಬರುತ್ತದೆ.

ಹಳೇ_ಆಂಟೆನಾ:

ಕೊಪ್ಪಳದಿಂದ. ನಿವೃತ್ತ ಅಂಚೆ ನೌಕರ. ಆಂಟೆನಾ ತಿರುಗಿಸಿ "ಬಂತೇನು? ಬಂತೇನು?" ಎಂದು ಕೂಗಿದ ಕಾಲದವನು.

ಟೈಲರಮ್ಮನವರೇ, ನಿರೀಕ್ಷೆ ಈಗ ಏರಿದ್ದಲ್ಲ, ಮೊದಲೇ ಇತ್ತು. ನಡುವೆ ಇಳಿಸಿದರು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುತ್ತಿತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರ ನಿರ್ದೇಶನ. ನಮ್ಮ ಕಚೇರಿಯಲ್ಲಿ ಕೌಂಟರ್ ಮುಚ್ಚಿದ ತಕ್ಷಣ ಸೈಕಲ್ ಹತ್ತುತ್ತಿದ್ದೆವು. ಅಲ್ಲಿ ಕೆಟ್ಟವನು ಎಂದು ಹಣೆಗೆ ಬರೆದವರು ಯಾರೂ ಇರಲಿಲ್ಲ. ಸಾಲ ಇತ್ತು, ಕೆಲಸ ಇಲ್ಲದ ಗಂಡು ಇದ್ದ, ಮದುವೆಯಾಗದ ಹೆಣ್ಣು ಇದ್ದಳು. ಸಾಕಲ್ಲ?

ಆಮೇಲೆ ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಬಂತು. ನಮ್ಮ ಉತ್ತರ ಕರ್ನಾಟಕದ ಮನೆ, ನಮ್ಮ ಮಾತು. ಆ ಮಾತಾಡಿದವರು ಮನೆಯ ಯಜಮಾನರು, ಅವ್ವಂದಿರು. ಈಗ ನಮ್ಮ ಭಾಷೆ ಯಾರ ಬಾಯಲ್ಲಿ ಬರುತ್ತದೆ? ಅಡುಗೆಯವನ ಬಾಯಲ್ಲಿ, ಇಲ್ಲ ನಗಿಸುವವನ ಬಾಯಲ್ಲಿ. ‘ಗಿಣಿರಾಮ’ ಒಂದು ಬಂದಾಗ ಸಮಾಧಾನವಾಗಿತ್ತು, ನಾಯಕನೇ ನಮ್ಮ ಹಾಗೆ ಮಾತಾಡುತ್ತಿದ್ದ. ಅಂಥವು ಎಷ್ಟು?

ಗವಿಮಠದ ಜಾತ್ರೆಗೆ ನಾಟಕ ಕಂಪನಿ ಬಂದರೆ ಈಗಲೂ ಹೋಗಿ ನೋಡುತ್ತೇನೆ. ಅಲ್ಲಿ ಮಾತು ಚೆನ್ನಾಗಿದ್ದರೆ ಒನ್ಸ್ ಮೋರ್. ಸಪ್ಪೆ ಇದ್ದರೆ ಸೀಟಿ. ನಟನಿಗೆ ಅಲ್ಲೇ ಗೊತ್ತಾಗುತ್ತದೆ, ಮರುದಿನದ ಆಟಕ್ಕೆ ತಿದ್ದಿಕೊಳ್ಳುತ್ತಾನೆ. ನಿಮ್ಮ ಟಿವಿಯವರಿಗೆ ಸೀಟಿ ಹೊಡೆಯುವುದು ಹೇಗೆ?

ಗಂಗಾವತಿ_ಟೈಲರಮ್ಮ:

ಆಂಟೆನಾ ಸರ್, ಗೌರವದಿಂದಲೇ ಹೇಳುತ್ತೇನೆ, ಹಳೆಯದೆಲ್ಲ ಬಂಗಾರ ಅಲ್ಲ. ಒಳ್ಳೆಯವು ನೆನಪಿನಲ್ಲಿ ಉಳಿದಿವೆ, ಉಳಿದವು ಮರೆತುಹೋಗಿವೆ ಅಷ್ಟೇ. ಖಾಸಗಿ ಚಾನೆಲ್ ಶುರುವಾದ ಕಾಲದಲ್ಲೂ ಒಬ್ಬಳೇ ಹೆಣ್ಣುಮಗಳನ್ನು ವರ್ಷಗಟ್ಟಲೆ ಅಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮವ್ವ ಅದನ್ನು ನೋಡುತ್ತಾ ಸಾರು ಸೀಯಿಸಿದ್ದೂ ನೆನಪಿದೆ.

ಆದರೆ ಭಾಷೆಯ ಮಾತು ಒಪ್ಪುತ್ತೇನೆ. ನನ್ನ ಅಂಗಡಿಯಲ್ಲಿ ಬರೀ ಕಿವಿಯ ಲೆಕ್ಕ ಅಲ್ವಾ, ಕಣ್ಣು ಮುಚ್ಚಿ ಕೇಳಿದರೆ ಎಲ್ಲಾ ನಾಯಕಿಯರೂ ಒಂದೇ ಥರ. ಯಾರು ಯಾವ ಊರಿನವಳು, ಓದಿದವಳೋ ಇಲ್ಲವೋ, ಏನೂ ತಿಳಿಯುವುದಿಲ್ಲ. ಉಮಾಶ್ರೀ ಅವರೊಬ್ಬರು ಬೇರೆ. ‘ಪುಟ್ಟಕ್ಕನ ಮಕ್ಕಳು’ ಹಚ್ಚಿದ್ದರೆ ತಲೆ ಎತ್ತದೆಯೂ ಗೊತ್ತಾಗುತ್ತಿತ್ತು, ಪುಟ್ಟಕ್ಕ ಬಂದಳು, ಕೈ ಒದ್ದೆ ಇದೆ, ಮೆಸ್ಸಿನಲ್ಲಿ ಕೆಲಸ ಬಿಟ್ಟು ಬಂದಿದ್ದಾಳೆ ಎಂದು. ರಂಗಭೂಮಿಯಲ್ಲಿ ಪಳಗಿದ ಗಂಟಲು. ಆದರೆ ಅಲ್ಲೂ ಸ್ನೇಹಾಳನ್ನು ಡಿಸಿ ಮಾಡಿ, ಆಮೇಲೆ ಸಾಯಿಸಿದಾಗ ನಮ್ಮ ಗಿರಾಕಿಗಳು ಸೂತಕ ಬಂದವರ ಹಾಗೆ ಕೂತಿದ್ದರು. ಮೆಸ್ಸು ನಡೆಸುವವಳ ಮಗಳು ಡಿಸಿ ಆಗಿ ಕುರ್ಚಿ ಮೇಲೆ ಕೂರುವುದನ್ನು ನೋಡಲು ಎಷ್ಟು ವರ್ಷ ಕಾದಿದ್ದರು!

ಸಂಭಾಷಣೆ_ಸಾಲ:

ಟೈಲರಮ್ಮಕ್ಕಾ, ನನ್ನದು ಸಿಂಧನೂರು ಕಡೆಯ ಹಳ್ಳಿ. ಈಗ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಯಾವ ಧಾರಾವಾಹಿ ಎಂದು ಕೇಳಬೇಡಿ, ಹೊಟ್ಟೆಪಾಡು. ಬೈಗುಳ ಎಲ್ಲಾ ಓದಿದೆ. ಕೆಲವಕ್ಕೆ ಉತ್ತರ ಇದೆ.

ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗುವುದು ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಅಷ್ಟನ್ನು ದಿನಕ್ಕೊಂದರಂತೆ ತೆಗೆಯಬೇಕು. ಒಂದು ಸಿನಿಮಾದ ಅಷ್ಟು ಉದ್ದ ಒಂದೇ ವಾರದಲ್ಲಿ, ಪ್ರತಿ ವಾರ. ಕಲಾವಿದರು ಮೇಕಪ್ ಹಾಕಿಕೊಳ್ಳುತ್ತಿರುತ್ತಾರೆ, ನಾನು ವಾಟ್ಸಾಪ್‌ನಲ್ಲಿ ದೃಶ್ಯ ಕಳಿಸುತ್ತಿರುತ್ತೇನೆ. ಅವರಿಗೆ ಬಾಯಿಪಾಠ ಮಾಡಲು ಪುರುಸೊತ್ತು ಎಲ್ಲಿ? ಸಹಾಯಕ ನಿರ್ದೇಶಕ ಪಕ್ಕದಲ್ಲಿ ನಿಂತು ಮಾತು ಹೇಳಿಕೊಡುತ್ತಾನೆ. ನೀವು ಹೇಳಿದ ಆ ಮುಖ ತೋರಿಸುವ ಆಟ ಇದೆಯಲ್ಲ, ಅದು ಕಲೆಗಾಗಿ ಅಲ್ಲ. ಎರಡು ನಿಮಿಷ ಕಮ್ಮಿ ಬಿದ್ದಿರುತ್ತದೆ. ಎಂಟು ಮುಖ, ಒಂದೊಂದಕ್ಕೆ ಎರಡು ಸುತ್ತು, ಸಂಚಿಕೆ ತುಂಬಿತು.

ಪಾತ್ರ ಯಾಕೆ ಸಾಯುತ್ತದೆ ಅಂದರೆ, ಎಷ್ಟೋ ಸಲ ಕಲಾವಿದರು ಬಿಟ್ಟು ಹೋಗಿರುತ್ತಾರೆ. ಓದು, ಮದುವೆ, ಸಿನಿಮಾ, ಮನಸ್ತಾಪ, ಏನೋ ಒಂದು. ಆಗ ನಮ್ಮ ಮುಂದೆ ಇರುವುದು ಕೆಲವೇ ದಾರಿ. ಬೇರೆಯವರನ್ನು ತಂದು ಅದೇ ಹೆಸರಿನಲ್ಲಿ ನಿಲ್ಲಿಸುವುದು, ವಿದೇಶಕ್ಕೆ ಕಳಿಸುವುದು, ಇಲ್ಲ ಲಾರಿ ಹಾಯಿಸುವುದು. 2022ರಲ್ಲಿ ‘ಜೊತೆ ಜೊತೆಯಲಿ’ಯಲ್ಲಿ ನಾಯಕ ಹೊರಗೆ ಹೋದಾಗ ಅಪಘಾತ ಮಾಡಿಸಿ ಮುಖವನ್ನೇ ಬದಲಾಯಿಸಿದರು. ನೀವು ನಕ್ಕಿರಿ. ನಾನು ಆ ಬರಹಗಾರರ ಜಾಗದಲ್ಲಿ ಕೂತು ಯೋಚಿಸಿದೆ, ನನಗೂ ಬೇರೇನೂ ಹೊಳೆಯಲಿಲ್ಲ.

ಆಂಟೆನಾ ಸರ್ ಸೀಟಿ ಕೇಳಿದರು. ನಮ್ಮ ಸೀಟಿ ಗುರುವಾರ ಬರುತ್ತದೆ. ಯಾವುದನ್ನು ಎಷ್ಟು ಜನ ನೋಡಿದರು ಎಂದು ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಅಂಕಿ. ದೇಶದಲ್ಲಿ ಟಿವಿ ಇರುವ ಮನೆ ಇಪ್ಪತ್ತು ಕೋಟಿಗೂ ಮೇಲೆ. ಅದನ್ನು ಅಳೆಯುವ ಮೀಟರ್ 2025ರಲ್ಲಿ ಇದ್ದದ್ದು ಐವತ್ತೆಂಟು ಸಾವಿರದ ಆಸುಪಾಸು ಮನೆಗಳಲ್ಲಿ. ಯಾವ ಮನೆ ಎಂಬುದು ಗುಟ್ಟು. ಆ ಅಂಕಿ ಬಿದ್ದರೆ ಶುಕ್ರವಾರ ಮೀಟಿಂಗ್, ಶನಿವಾರ ಕಥೆಗೆ ಹೊಸ ವಿಲನ್.

ಈಗ ನನ್ನ ಪ್ರಶ್ನೆ. ನಾನು ಒಮ್ಮೆ ಹಠ ಹಿಡಿದು ಒಂದು ವಾರ ನೀವು ಕೇಳುವಂಥದ್ದೇ ಬರೆದೆ. ನಾಯಕಿಗೆ ಸತ್ಯ ಗೊತ್ತಾಯಿತು, ಮರುದಿನವೇ ಗಂಡನಿಗೆ ಹೇಳಿದಳು, ಇಬ್ಬರೂ ಕೂತು ಮಾತಾಡಿದರು. ನಮ್ಮ ಕಡೆಯ ಮಾತಿನಲ್ಲಿ ಬರೆದಿದ್ದೆ, ‘ಐತಿ’ಯನ್ನು ಮೇಲಿನವರು ‘ಇದೆ’ ಮಾಡಿದರು, ಹೋಗಲಿ. ಆ ವಾರ ಅಂಕಿ ಬಿತ್ತು. ಮುಂದಿನ ವಾರ ಅತ್ತೆ ಸೊಸೆಯ ಕೆನ್ನೆಗೆ ಹೊಡೆದಳು, ಅಂಕಿ ಎದ್ದಿತು. ಹೇಳಿ, ಜನ ಬಾಯಲ್ಲಿ ಒಂದು ಕೇಳುತ್ತಾರೆ, ರಿಮೋಟಿನಲ್ಲಿ ಇನ್ನೊಂದು ಕೇಳುತ್ತಾರೆ. ನಾನು ಯಾವುದನ್ನು ನಂಬಲಿ?

ಕೌಲ್_ಬಜಾರ್:

ತಮ್ಮಾ, ಲಾರಿ ಹಾಯಿಸುವುದಕ್ಕಿಂತ ವಿದೇಶವೇ ಒಳ್ಳೆಯದು. ಬಳ್ಳಾರಿಯಲ್ಲಿ ಅದಿರಿನ ಲಾರಿ ನೋಡಿ ನೋಡಿ ಸಾಕಾಗಿದೆ.

ರಾಯಚೂರು_ನೈಟ್‌ಡ್ಯೂಟಿ:

ಒಂದೇ ವಾರ ಬಿಟ್ಟರೆ ಹೇಗೆ ಗೊತ್ತಾಗುತ್ತದೆ ಅಣ್ಣಾ? ಔಷಧಿ ಕೊಟ್ಟ ಮರುದಿನವೇ ಜ್ವರ ಇಳಿಯಲಿಲ್ಲ ಎಂದು ಡಾಕ್ಟರ್ ಬದಲಿಸಿದ ಹಾಗಾಯಿತು. ಇನ್ನೊಂದು ವಿಷಯ. ನಾನು ಮೊಬೈಲ್‌ನಲ್ಲಿ ನೋಡುತ್ತೇನೆ. ನನ್ನಂಥವರು ಆ ಮನೆಯ ಮೀಟರ್‌ಗೆ ಸಿಗುವುದೇ ಇಲ್ಲ. ಓದಿದ ಹುಡುಗಿಯರು, ಕೆಲಸಕ್ಕೆ ಹೋಗುವವರು ಟಿವಿ ಬಿಟ್ಟು ಹೋದರು. ಮೀಟರ್ ಮುಂದೆ ಉಳಿದವರನ್ನಷ್ಟೇ ಲೆಕ್ಕ ಹಾಕಿ, ಜನಕ್ಕೆ ಇದೇ ಬೇಕು ಅನ್ನುತ್ತಾರೆ.

ಗಂಗಾವತಿ_ಟೈಲರಮ್ಮ:

ಸಂಭಾಷಣೆ ತಮ್ಮಾ, ಒಳಗಿನ ಮಾತು ಬಿಚ್ಚಿ ಹೇಳಿದ್ದಕ್ಕೆ ಮೊದಲು ಒಂದು ನಮಸ್ಕಾರ. ನಿನ್ನ ಮೇಲೆ ಇದ್ದ ಅರ್ಧ ಸಿಟ್ಟು ಹೋಯಿತು. ಉಳಿದರ್ಧ ಹೇಳುತ್ತೇನೆ ಕೇಳು.

ಆ ಮೀಟರ್ ಬಗ್ಗೆ ನನ್ನ ಮಗನ ಹತ್ತಿರ ಕೇಳಿ ತಿಳಿದುಕೊಂಡೆ, ಅವನು ಕಂಪ್ಯೂಟರ್ ಓದುತ್ತಾನೆ. ಚಾನೆಲಿನವರು ತಮ್ಮ ಸದ್ದಿನ ಒಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರಂತೆ. ಮೀಟರ್ ಆ ಗುರುತನ್ನು ಹಿಡಿದು ಯಾವ ಚಾನೆಲ್ ಎಂದು ಬರೆದುಕೊಳ್ಳುತ್ತದಂತೆ. ಮನೆಯವರು ಕೂತಾಗ ತಮ್ಮ ತಮ್ಮ ಬಟನ್ ಒತ್ತಬೇಕಂತೆ. ಅಂದರೆ ಆ ಮೀಟರೂ ನನ್ನ ಹಾಗೇ, ಕೇಳಿಸಿಕೊಳ್ಳುತ್ತದೆ, ನೋಡುವುದಿಲ್ಲ! ಬಟನ್ ಒತ್ತಿ ಕೂತವಳು ಅವರೆಕಾಯಿ ಸುಲಿಯುತ್ತಿದ್ದಾಳೋ, ಮಗನಿಗೆ ಫೋನ್ ಮಾಡಿ ಬೈಯುತ್ತಿದ್ದಾಳೋ, ಅದಕ್ಕೆ ಏನು ಗೊತ್ತು?

ಕೆನ್ನೆಗೆ ಹೊಡೆದಾಗ ಅಂಕಿ ಏಕೆ ಏರಿತು, ನನ್ನ ಅಂಗಡಿಯಿಂದ ಹೇಳುತ್ತೇನೆ. ಚಟಾರ್ ಎಂದು ಸದ್ದಾದರೆ ಎಲ್ಲರೂ ತಲೆ 
ಎತ್ತುತ್ತಾರೆ. ಬೀದಿಯಲ್ಲಿ ಬೈಕ್ ಬಿದ್ದರೂ ಎತ್ತುತ್ತಾರೆ. ಅದು ಇಷ್ಟ ಅಲ್ಲ. ಪಕ್ಕದ ಮನೆಯ ಜಗಳಕ್ಕೆ ಕಿಟಕಿ ತೆಗೆದವರು ದಿನಾ ಜಗಳ ಬೇಕು ಎಂದು ಅರ್ಜಿ ಹಾಕಿದವರಲ್ಲ. ಹೊಡೆತದ ಮರುದಿನ ಅಂಗಡಿಯಲ್ಲಿ ಆ ಧಾರಾವಾಹಿ ಬಗ್ಗೆ ಒಂದು ಮಾತೂ ಇರುವುದಿಲ್ಲ. ಮಾತಾಡಲು ಏನಿದೆ ಅದರಲ್ಲಿ? ಆದರೆ ಗಂಡ ಹೆಂಡತಿ ಕೂತು ಸತ್ಯ ಮಾತಾಡಿದ ಸಂಚಿಕೆ ಬಂದರೆ, ವಾರ ಪೂರ್ತಿ ಹೇಳಿಕೊಳ್ಳುತ್ತಾರೆ. "ನೋಡು, ಆಕಿ ಹೇಳಿದ್ಲು, ಏನೂ ಮುಳುಗಿ ಹೋಗ್ಲಿಲ್ಲ" ಎಂದು ಒಬ್ಬರಿಗೊಬ್ಬರು. ಒಬ್ಬಳು ಅದನ್ನು ಹೇಳಿಕೊಂಡೇ ಮನೆಗೆ ಹೋಗಿ ಗಂಡನ ಹತ್ತಿರ ಚೀಟಿ ಸಾಲದ ವಿಷಯ ಬಾಯಿಬಿಟ್ಟಳು. ಅದು ಗುರುವಾರದ ಅಂಕಿಗೆ ಸಿಗುವುದಿಲ್ಲ.

ನಿನಗೆ ಯಾವುದನ್ನು ನಂಬಬೇಕು ಎಂದು ನಾನು ಹೇಳಲಾರೆ. ನಿನ್ನ ಸಂಬಳ ಅಂಕಿಯಿಂದ ಬರುತ್ತದೆ, ನನ್ನ ಗಿರಾಕಿಗಳಿಂದಲ್ಲ. ಆದರೆ ಮೇಲಿನವರು "ಹಳ್ಳಿ ಹೆಂಗಸರಿಗೆ ಇಷ್ಟೇ ಅರ್ಥ ಆಗುವುದು" ಎಂದರೆ ಮಾತ್ರ ಸುಮ್ಮನಿರಬೇಡ. ನಮ್ಮಲ್ಲಿ ಸಂಘದ ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವವರು ಇದ್ದಾರೆ. ಯಾರ ಮಗ ಯಾರು ಎಂದು ಮೂರು ವರ್ಷ ಗುಟ್ಟು ಕಾಯುವ ಕಥೆ ಅವರಿಗೆ ಮೂರನೇ ದಿನಕ್ಕೇ ಗೊತ್ತಾಗಿರುತ್ತದೆ.

ಸಂಭಾಷಣೆ_ಸಾಲ:

ಅಕ್ಕಾ, ಸುಮ್ನೆ ಹೇಳುತ್ತಿಲ್ಲ, ಇದನ್ನು ಪ್ರಿಂಟ್ ತೆಗೆದು ನಮ್ಮ ಕಥೆ ವಿಭಾಗದ ಟೇಬಲ್ ಮೇಲೆ ಇಡುತ್ತೇನೆ. ಯಾರು ಇಟ್ಟರು ಎಂದು ಮಾತ್ರ ಹೇಳುವುದಿಲ್ಲ. ಒಂದು ಕೇಳಲೇ? ಯಾವ ದೃಶ್ಯಕ್ಕೆ ನಿಮ್ಮ ಮಷೀನ್ ನಿಲ್ಲುತ್ತದೆ?

ಗಂಗಾವತಿ_ಟೈಲರಮ್ಮ:

ಒಳ್ಳೆ ಪ್ರಶ್ನೆ. ಅಳುವ ದೃಶ್ಯಕ್ಕೆ ನಿಲ್ಲುವುದಿಲ್ಲ, ಹೊಡೆದಾಟಕ್ಕೂ ನಿಲ್ಲುವುದಿಲ್ಲ. ಪಾತ್ರ ಏನಾದರೂ ಕೆಲಸ ಮಾಡುತ್ತಿದ್ದರೆ ನಿಲ್ಲುತ್ತದೆ. ಭಾಗ್ಯ ಗಣಿತ ಬಾರದೆ ಒದ್ದಾಡಿದಾಗ ನಿಂತಿತ್ತು. ಲಕ್ಷ್ಮೀ ನಿವಾಸದ ಮನೆಯಲ್ಲಿ ತಿಂಗಳ ಖರ್ಚಿನ ಮಾತು ಬಂದಾಗ ನಿಂತಿತ್ತು. ಯಾರಾದರೂ ದುಡ್ಡು ಎಣಿಸಿದರೆ, ಅನ್ನ ಬಸಿದರೆ, ಬಸ್ಸಿಗೆ ಕಾದರೆ, ನಾನು ತಲೆ ಎತ್ತುತ್ತೇನೆ. ನಿಮ್ಮ ಧಾರಾವಾಹಿಗಳಲ್ಲಿ ಕಂಪನಿ ಮಾಲೀಕ ಎಂದಿರುತ್ತಾನೆ, ವರ್ಷವಿಡೀ ಒಂದು ಫೈಲಿಗೆ ಸಹಿ ಹಾಕುವುದು ಬಿಟ್ಟರೆ ಬೇರೆ ಕೆಲಸ ಮಾಡಿದ್ದು ನೋಡಿಲ್ಲ.

ಮತ್ತೆ, ಟೈಲರ್ ಪಾತ್ರ ಬಂದಾಗಲೆಲ್ಲ ಕುತ್ತಿಗೆಗೆ ಟೇಪು ಹಾಕಿ ಕೂರಿಸುತ್ತೀರಿ. ಮಷೀನು ಗಡಗಡ ಓಡುತ್ತದೆ, ಸೂಜಿಗೆ ದಾರವೇ ಇರುವುದಿಲ್ಲ! ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ, ಬಟ್ಟೆ ಇಲ್ಲದೆ ಓಡುವ ಮಷೀನಿನ ಸದ್ದು ಬೇರೆ. ಇನ್ನೊಮ್ಮೆ ಬರೆದರೆ ದಾರ ಹಾಕಿಸು.

ಸಂಭಾಷಣೆ_ಸಾಲ:

ಆಯ್ತಕ್ಕಾ. ದಾರ ಆರ್ಟ್ ಡಿಪಾರ್ಟ್‌ಮೆಂಟಿನವರದು, ನನ್ನದಲ್ಲ. ಆದರೂ ಹೇಳಿ ನೋಡುತ್ತೇನೆ.

ಹಳೇ_ಆಂಟೆನಾ:

ದಾರದ ಜೊತೆ ‘ಐತಿ’ಯನ್ನೂ ಹಾಕಿಸಪ್ಪ.

ರಾಯಚೂರು_ನೈಟ್‌ಡ್ಯೂಟಿ:

ಮತ್ತೆ ಐಸಿಯುನಲ್ಲಿ ಚಪ್ಪಲಿ ಬಿಡಿಸಿ.